ಏಳನೆಯ ಗುಂಡು ಮತ್ತು ನಮ್ಮ ಭಾವ

ನಮ್ಮ ಅಕ್ಕನ ಗಂಡನನ್ನು ಇಪ್ಪತ್ತೇಳು ವರ್ಷಗಳಲ್ಲಿ ನಾನೂರು ಸಲ ಗುಂಡಿಟ್ಟು ಕೊಂದಿದ್ದಾರೆ. ನಾನೂರು ಅನ್ನುವುದು ಅವರೇ ಹೇಳಿದ್ದು. ಸಿನಿಮಾದವರ ಮಾತು, ನೂರು ಕಳೆದುಕೊಂಡೇ ಕೇಳಿ. ಮಹಡಿಯಿಂದ ಬಿದ್ದಿದ್ದಾರೆ, ಗಾಜು ಒಡೆದುಕೊಂಡು ಬಿದ್ದಿದ್ದಾರೆ, ಓಡುವ ಲಾರಿಯ ಮೇಲಿಂದ ಬಿದ್ದಿದ್ದಾರೆ, ಒಮ್ಮೆ ಈಜುಕೊಳಕ್ಕೆ ಬಿದ್ದು ಈಜಲು ಬಾರದೆ ನಿಜವಾಗಿಯೂ ಸಾಯುವುದರಲ್ಲಿದ್ದರು. ಪ್ರತಿ ಸಲವೂ ಸಂಜೆ ಆರಕ್ಕೆ ಮನೆಗೆ ಬಂದು, ಕೈಕಾಲು ತೊಳೆದು, "ಏನೇ, ಟೀ ಇದೆಯಾ?" ಎಂದು ಕೇಳಿದ್ದಾರೆ. ಅವರ ಉದ್ಯೋಗವೇ ಅದು. ಖಳನಾಯಕನ ಕಡೆಯವರಾಗಿ ನಿಂತು, ನಾಯಕನ ಕೈಯಲ್ಲಿ ಸಾಯುವುದು.

ನಾನು ಅದೇ ಸ್ಟುಡಿಯೋದ ದರ್ಜಿ. ಕೆಲಸ ಕೊಡಿಸಿದವರು ಭಾವನೇ ಆದ್ದರಿಂದ, ಅವರ ಸಾವಿನ ತಯಾರಿಯೆಲ್ಲ ನನ್ನ ಕೈಯಲ್ಲೇ ಆಗುತ್ತಿತ್ತು. ಅಂಗಿಯ ಎದೆಯ ಬಟ್ಟೆಯನ್ನು ಒಳಗಿನಿಂದ ಬ್ಲೇಡಿನಲ್ಲಿ ಕೆರೆದು ತೆಳ್ಳಗೆ ಮಾಡಬೇಕು. ಅಲ್ಲಿ ಕೆಂಪು ನೀರಿನ ಪೊಟ್ಟಣ ಇಟ್ಟು, ಹಿಂದೆ ಒಂದು ತಗಡು ಕೊಟ್ಟು, ನಡುವೆ ಕಾಳಿನಷ್ಟು ಮದ್ದು ಸೇರಿಸಿ ಹೊಲಿಯಬೇಕು. ಮದ್ದಿನ ತಂತಿ ಪ್ಯಾಂಟಿನೊಳಗಿಂದ ಇಳಿದು ದೂರದಲ್ಲಿ ಕೂತವನ ಸ್ವಿಚ್ಚಿಗೆ ಹೋಗುತ್ತದೆ. ಅವನು ಅಲ್ಲಿ ಒತ್ತಿದರೆ ಇಲ್ಲಿ ಎದೆ ಒಡೆದು ರಕ್ತ. ಖಳನ ಕಡೆಯವರೆಲ್ಲ ಬಿಳಿ ಅಂಗಿಯನ್ನೇ ಯಾಕೆ ಹಾಕುತ್ತಾರೆಂದು ಯೋಚಿಸಿದ್ದೀರಾ? ಕೆಂಪು ಎದ್ದು ಕಾಣಲಿ ಅಂತ. ಒಗೆಯುವವರ ಕಷ್ಟ ಯಾರಿಗೂ ಬೇಡ. ಮೂರು ಗಂಟೆ ಕೂತು ಹೊಲಿದದ್ದನ್ನು ಮೂರು ಸೆಕೆಂಡಿನಲ್ಲಿ ಹಾಳು ಮಾಡುವ ಈ ಜಾಗದಲ್ಲಿ ನನ್ನ ತಲೆ ಸದಾ ಬಿಸಿಯಾಗಿರುವುದಕ್ಕೆ ಕಾರಣವಿದೆ.

ಸಾಯುವವರಲ್ಲೂ ಹಿರಿಯ ಕಿರಿಯ ಅಂತ ಇದೆ. ನಾಯಕ ರಿವಾಲ್ವರ್ ತೆಗೆದು ಹೊಡೆಯಲು ಶುರು ಮಾಡಿದರೆ ಮೊದಲ ಆರು ಜನ ಹೊಸಬರು. ನಿಂತಲ್ಲೇ ಬೀಳುತ್ತಾರೆ, ಅಷ್ಟೇ. ಏಳನೆಯವನಿಂದ ಮುಂದಕ್ಕೆ ಅನುಭವಸ್ಥರು. ಗಾಜು, ಮೆಟ್ಟಿಲು, ಮಹಡಿ ಎಲ್ಲ ಅವರಿಗೆ. ರಿವಾಲ್ವರಿನಲ್ಲಿ ಇರುವುದೇ ಆರು ಗುಂಡು, ಹಾಗಾದರೆ ಏಳನೆಯವನು ಸಾಯುವುದು ಹೇಗೆ ಅಂತ ನೀವು ಕೇಳಬಹುದು. ಇಪ್ಪತ್ತೇಳು ವರ್ಷ ಯಾರೂ ಕೇಳಲಿಲ್ಲ. ನಮ್ಮ ನಾಯಕನಂತೂ ಒಂದು ಚಿತ್ರದಲ್ಲಿ ಒಂದೇ ರಿವಾಲ್ವರಿನಿಂದ, ಒಂದು ಸಲವೂ ಗುಂಡು ತುಂಬದೆ, ಇಪ್ಪತ್ತಮೂರು ಜನರನ್ನೂ ಒಂದು ಹೆಲಿಕಾಪ್ಟರನ್ನೂ ಮುಗಿಸಿದ್ದ. ಏಳನೆಯ ಸಾವು ಭಾವನದು ಎಂಬುದು ಸ್ಟುಡಿಯೋದಲ್ಲಿ ಎಲ್ಲರೂ ಒಪ್ಪಿದ ಮಾತು. ನಾನು ಭಾವ ಅನ್ನುತ್ತಿದ್ದೆನೆಂದು ಲೈಟು ಹೊರುವವನಿಂದ ಹಿಡಿದು ನಾಯಕನವರೆಗೆ ಎಲ್ಲರೂ ಅವರನ್ನು ಭಾವ ಅಂತಲೇ ಕರೆಯುತ್ತಿದ್ದರು.

ಹೀಗೆ ಎಲ್ಲರಿಗೂ ಬೇಕಾದವರು, ಆದರೆ ಅವರ ಮುಖ ಮಾತ್ರ ಒಂದು ಚಿತ್ರದಲ್ಲೂ ಬಂದಿರಲಿಲ್ಲ. ಕ್ಯಾಮೆರಾ ಇರುವುದು ನಾಯಕನ ಮುಖಕ್ಕೆ. ಎದುರಿಗೆ ನಿಂತವನದು ಬೆನ್ನು. ಗುಂಡು ತಗುಲಿ ಹಿಂದಕ್ಕೆ ಹಾರಿದರೆ ಅಂಗಾಲು. ಇದರಲ್ಲಿ ಭಾವನ ತಪ್ಪೇನೂ ಇಲ್ಲ, ಆದರೆ ಮದುವೆ ಮಾತುಕತೆಯಲ್ಲಿ "ಹುಡುಗ ಸಿನಿಮಾ ನಟ" ಅಂತ ಹೇಳಿದ್ದರು. ಮದುವೆಯಾದ ತಿಂಗಳಲ್ಲೇ ಅಕ್ಕ ಐದಾರು ಗೆಳತಿಯರನ್ನು ಕಟ್ಟಿಕೊಂಡು ಗಂಡನ ಚಿತ್ರಕ್ಕೆ ಹೋದಳು. ಹೋದವಳು ಮುಖ ಸಣ್ಣದು ಮಾಡಿಕೊಂಡು ಬಂದಳು. "ಬರೀ ಬೆನ್ನು" ಅಂದಳು, ಅಷ್ಟೇ. ಗೆಳತಿಯರು ಅವಳ ಎದುರಿಗೇ ನಕ್ಕಿದ್ದರಂತೆ. ಅವತ್ತಿನಿಂದ ಅವಳು ಭಾವನ ಯಾವ ಚಿತ್ರವನ್ನೂ ನೋಡಲಿಲ್ಲ.

"ಈ ಸಲದ್ದು ಚೆನ್ನಾಗಿದೆ, ಬಾರೇ" ಎಂದು ಭಾವ ಕರೆದರೆ ಉತ್ತರ ಸಿದ್ಧವಾಗಿರುತ್ತಿತ್ತು. "ನಿಮ್ಮ ಬೆನ್ನು ನೋಡೋದಕ್ಕೆ ಟಿಕೆಟ್ ಬೇರೆ ತಗೋಬೇಕಾ? ಜಗಳ ಆಡಿದ ದಿನ ಮನೇಲೇ ನೋಡ್ತೀನಲ್ಲ." ಮನೆಯಲ್ಲಿ ಏನಾದರೂ ಕೆಲಸ ಹೇಳಬೇಕಾದರೆ, "ನಟರೇ, ಸ್ವಲ್ಪ ಏಣಿ ಹತ್ತಿ ಬಲ್ಬು ಹಾಕ್ತೀರಾ? ಬೀಳೋದು ಹೇಗಿದ್ರೂ ಗೊತ್ತಿದೆ" ಅನ್ನುತ್ತಿದ್ದಳು. ಭಾವ ನಗುತ್ತಿದ್ದರು. ಆದರೆ ಅದು ಒಳಗೆಲ್ಲೋ ನಾಟಿತ್ತು. ಅಂಗಿಯ ಅಳತೆ ಕೊಡುವಾಗ ಒಂದು ದಿನ ನನ್ನ ಹತ್ತಿರ ಹೇಳಿಯೂಬಿಟ್ಟರು. "ಒಂದೇ ಒಂದು ಸಲ ನನ್ನ ಮುಖ ಪರದೆ ತುಂಬ ಬರಬೇಕು ಕಣಯ್ಯಾ. ಅವಳು ನೋಡ್ಬೇಕು. ಆಮೇಲೆ ಈ ಕೆಲಸ ಬಿಟ್ರೂ ಪರವಾಗಿಲ್ಲ."

ಬಿಡುವ ಕಾಲವೂ ಬಂತು. ಮೊಣಕಾಲು ಕೈಕೊಟ್ಟಿತು. ಎಕ್ಸ್‌ರೇ ನೋಡಿದ ಡಾಕ್ಟರು, "ಇನ್ನೊಂದು ಸಲ ಬಿದ್ರೆ ಕೋಲು ಹಿಡ್ಕೊಂಡೇ ಓಡಾಡ್ಬೇಕಾಗುತ್ತೆ" ಅಂದರು.

"ಅಂದ್ರೆ ಇನ್ನೊಂದು ಸಲ ಬೀಳಬಹುದು ಅಂತಾಯ್ತು" ಅಂದರು ಭಾವ. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಆ ಕೊನೆಯ ಸಲ ಬೀಳುವ ಅವಕಾಶ ಒಬ್ಬ ಹೊಸ ನಿರ್ದೇಶಕರ ಚಿತ್ರದಲ್ಲಿ ಬಂತು. ಒಳ್ಳೆಯ ಮನುಷ್ಯ. ಭಾವನ ಕಥೆ ಕೇಳಿ, "ಕೊನೇ ಸೀನಲ್ಲಿ ಏಳನೆಯವರು ನೀವೇ. ಬೀಳೋಕೆ ಮುಂಚೆ ಎರಡು ಸೆಕೆಂಡು ನಿಮ್ಮ ಮುಖ ತೋರಿಸ್ತೀನಿ ಭಾವ" ಎಂದು ಮಾತು ಕೊಟ್ಟರು. ಭಾವ ಮನೆಗೆ ಹೋಗಿ ಹೇಳಿದರು. ಅಕ್ಕ "ನೋಡೋಣ" ಅಂದಳು. ಅವತ್ತು ಟೀ ಜೊತೆ ಎರಡು ಬಿಸ್ಕತ್ತು ಬಂದವು.

ಆದರೆ ಆ ನಿರ್ದೇಶಕರಿಗೆ ಒಂದು ಹುಚ್ಚಿತ್ತು. ಎಲ್ಲವೂ ನಿಜದ ಹಾಗೇ ಇರಬೇಕು. ಅದಕ್ಕಾಗಿ ಒಬ್ಬ ಮೇಷ್ಟ್ರನ್ನು ಕರೆಸಿದರು. ಪೊಲೀಸ್ ತರಬೇತಿ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಬಂದೂಕು ಕಲಿಸಿ ನಿವೃತ್ತರಾದವರು. ಕೋಲಿನ ಹಾಗೆ ನೆಟ್ಟಗೆ, ಮಾತು ಕಡ್ಡಿ ಮುರಿದ ಹಾಗೆ. ಮೊದಲ ದಿನವೇ ನಾಯಕ ಪಿಸ್ತೂಲನ್ನು ಪ್ಯಾಂಟಿನ ಮುಂದಕ್ಕೆ ಸಿಕ್ಕಿಸಿಕೊಂಡು ಬಂದ. ಮೇಷ್ಟ್ರು ಅದನ್ನೇ ನೋಡುತ್ತ ನಿಂತರು.

"ಸರ್, ನಿಮಗೆ ಮಕ್ಕಳಾಗಿದ್ದಾರಾ?"

"ಇಬ್ಬರು. ಯಾಕೆ?"

"ಹಾಗಾದ್ರೆ ಪರವಾಗಿಲ್ಲ" ಅಂದರು ಮೇಷ್ಟ್ರು.

ಆಮೇಲೆ ಶುರುವಾಯಿತು ನೋಡಿ. ನಾಯಕ ಒಂದೊಂದು ಮಾತಿಗೂ ಪಿಸ್ತೂಲಿನ ಮೇಲ್ಭಾಗವನ್ನು ಕರಕ್ ಎಂದು ಹಿಂದಕ್ಕೆ ಎಳೆದು ಬಿಡುತ್ತಿದ್ದ. ಮೇಷ್ಟ್ರು ಕೈ ಎತ್ತಿದರು. "ಪ್ರತಿ ಸಲ ಎಳೆದಾಗ್ಲೂ ಒಳಗಿರೋ ಒಳ್ಳೇ ಗುಂಡು ಆಚೆ ಬಿದ್ದುಹೋಗುತ್ತೆ ಸರ್. ನಿಮ್ಮ ಡೈಲಾಗ್ ಮುಗಿಯೋ ಹೊತ್ತಿಗೆ ಪಿಸ್ತೂಲು ಖಾಲಿ." ನಾಯಕ ಊಟದ ಮೇಜು ಉರುಳಿಸಿ ಅದರ ಹಿಂದೆ ಕೂತ. ಮೇಷ್ಟ್ರು ಮೇಜನ್ನು ಬೆರಳಿನಿಂದ ತಟ್ಟಿ ನೋಡಿ, "ಗುಂಡು ಇದನ್ನೂ ದಾಟುತ್ತೆ, ನಿಮ್ಮನ್ನೂ ದಾಟುತ್ತೆ, ಹೋಗಿ ಆ ಗೋಡೇಲಿ ಕೂರುತ್ತೆ" ಅಂದರು. ಶೂಟಿಂಗಿನಲ್ಲಿ ಗುಂಡಿಗೆ ಸದ್ದಿರುವುದಿಲ್ಲ, ಅದನ್ನು ಆಮೇಲೆ ಸೇರಿಸುತ್ತಾರೆ. ಅದಕ್ಕೆ ನಮ್ಮ ನಾಯಕ ಟ್ರಿಗರ್ ಒತ್ತುವಾಗೆಲ್ಲ ಬಾಯಲ್ಲೇ "ಢಂ" ಅನ್ನುತ್ತಿದ್ದ. ಹತ್ತು ಚಿತ್ರದಿಂದ ಅನ್ನುತ್ತಿದ್ದ, ನಾವೆಲ್ಲ ಕೇಳಿ ಅಭ್ಯಾಸವಾಗಿತ್ತು. ಮೇಷ್ಟ್ರು ಅದನ್ನು ಮೊದಲ ಸಲ ಕೇಳಿದಾಗ ಕುರ್ಚಿ ಹುಡುಕಿಕೊಂಡು ಹೋಗಿ ಕೂತುಬಿಟ್ಟರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನಾಯಕ ಮೇಷ್ಟ್ರ ಜೊತೆ ಮಾತು ಬಿಟ್ಟ.

ನನಗೆ ಇದೆಲ್ಲ ಒಳ್ಳೆಯ ಮನರಂಜನೆಯಾಗಿತ್ತು, ಮೇಷ್ಟ್ರು ಕೊನೇ ಸೀನಿಗೆ ಬರುವವರೆಗೆ.

"ಇಲ್ಲಿ ಎಷ್ಟು ಜನ ಸಾಯ್ತಾರೆ?" ಎಂದು ಕೇಳಿದರು.

"ಏಳು" ಅಂದರು ನಿರ್ದೇಶಕರು.

"ರಿವಾಲ್ವರಲ್ಲಿ ಗುಂಡು ಆರು. ಒಬ್ಬರನ್ನ ಕಡಿಮೆ ಮಾಡಿ."

ನಿರ್ದೇಶಕರು ಭಾವನ ಕಡೆ ನೋಡಿದರು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ "ಸಾರಿ ಭಾವ" ಅಂದರು. ನನಗೆ ಮೈ ಉರಿದುಹೋಯಿತು. ಇಪ್ಪತ್ತೇಳು ವರ್ಷ ಇಲ್ಲದ ಗುಂಡಿಗೆ ಎದೆ ಕೊಟ್ಟ ಮನುಷ್ಯನಿಗೆ, ಮುಖ ತೋರಿಸುವ ದಿನ ಬಂದಾಗ ಗುಂಡು ಇಲ್ಲ ಅನ್ನುತ್ತಾರಲ್ಲ! ಕತ್ತರಿ ಬಿಸಾಕಿ ಹೊರಟೆ. ಭಾವ ನನ್ನ ಭುಜ ಹಿಡಿದು ಕೂರಿಸಿ, ತಾವೇ ಎರಡು ಲೋಟ ಟೀ ಹಿಡಿದುಕೊಂಡು ಕುಂಟುತ್ತ ಮೇಷ್ಟ್ರ ಹತ್ತಿರ ಹೋದರು. ನಾನು ಬಿಡುತ್ತೇನೆಯೇ, ಹಿಂದೆಯೇ ಹೋದೆ.

"ಮೇಷ್ಟ್ರೇ, ಒಂದೇ ಒಂದು ಗುಂಡು ಜಾಸ್ತಿ ಕೊಡಿ" ಅಂದರು ಭಾವ.

"ಮೂವತ್ನಾಲ್ಕು ವರ್ಷದಲ್ಲಿ ಯಾರಿಗೂ ಒಂದು ಗುಂಡು ಜಾಸ್ತಿ ಕೊಟ್ಟೋನಲ್ಲ ನಾನು."

ಭಾವ ಎಲ್ಲವನ್ನೂ ಹೇಳಿಕೊಂಡರು. ಮೊಣಕಾಲು, ಅಕ್ಕ, ಅಕ್ಕನ ಗೆಳತಿಯರು, ಬೆನ್ನು. ಮೇಷ್ಟ್ರು ಟೀ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ, "ಖಾಲಿ ಆದ್ಮೇಲೂ ಹೊಡೆಯೋದು ತಪ್ಪು. ಖಾಲಿ ಆದ್ಮೇಲೆ ತುಂಬೋದು ತಪ್ಪಲ್ಲ. ನಿಮ್ಮ ನಾಯಕರಿಗೆ ಗುಂಡು ತುಂಬೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದರು.

"ಜೀವಮಾನದಲ್ಲಿ ತುಂಬಿದವರಲ್ಲ" ಅಂದೆ ನಾನು.

ಹೋಗಿ ಹೇಳಿದಾಗ ಮೇಷ್ಟ್ರ ಈ ಉಪಾಯ ನಿರ್ದೇಶಕರಿಗೆ ಹಿಡಿಸಿಬಿಟ್ಟಿತು. ನಾಯಕ ಗುಂಡು ತುಂಬುತ್ತಿರುವಷ್ಟು ಹೊತ್ತೂ ಏಳನೆಯವನ ಮುಖದ ಮೇಲೆ ಕ್ಯಾಮೆರಾ. ಎರಡು ಸೆಕೆಂಡು ಇದ್ದದ್ದು ಹತ್ತು ಸೆಕೆಂಡು ಆಯಿತು. ಮೇಷ್ಟ್ರಿಗೆ ಮತ್ತೆ ಒಂದು ಸಂಶಯ ಬಂತು. "ಇವರ ಕೈಯಲ್ಲಿ ಕಬ್ಬಿಣದ ಸಲಾಕೆ ಇದೆ. ಎದುರಿಗಿರೋನ ಗುಂಡು ಖಾಲಿ. ನಡುವೆ ನಾಲ್ಕೇ ಹೆಜ್ಜೆ. ಸುಮ್ನೆ ಯಾಕೆ ನಿಂತಿರ್ತಾರೆ? ನಾನಾಗಿದ್ರೆ ನಾಯಕನ ತಲೆ ಒಡೆದು ಊಟಕ್ಕೆ ಹೋಗಿರ್ತಿದ್ದೆ."

"ಹೆದರಿ ನಿಂತುಬಿಟ್ಟಿದ್ದಾನೆ ಅಂತ ಇಟ್ಕೊಳ್ಳಿ ಮೇಷ್ಟ್ರೇ" ಅಂದರು ನಿರ್ದೇಶಕರು. ಮೇಷ್ಟ್ರು ಯೋಚಿಸಿ, "ಅದಾಗುತ್ತೆ. ಅದನ್ನ ನೋಡಿದ್ದೀನಿ" ಅಂದರು.

ಬೀಳುವುದನ್ನೂ ಮೇಷ್ಟ್ರೇ ಹೊಸದಾಗಿ ಕಲಿಸಿದರು. "ಗುಂಡು ತಗುಲಿದೋನು ಹಾರೋದಿಲ್ಲ ಕಣ್ರೀ. ಕಾಲು ಸೋತು ಕೂತುಬಿಡ್ತಾನೆ. ಏನಾಯ್ತು ಅಂತ ಅವನಿಗೇ ಗೊತ್ತಾಗಲ್ಲ." ಇಪ್ಪತ್ತೇಳು ವರ್ಷ ಹಾರಿದ ಭಾವನಿಗೆ ಸುಮ್ಮನೆ ಕೂರುವುದೆಂದರೆ ಅವಮಾನ. ಆದರೂ ಮನೆಯಲ್ಲಿ ಅಭ್ಯಾಸ ಮಾಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಎದೆ ನೋಡಿಕೊಂಡು, ಮೆಲ್ಲಗೆ ಕುಸಿದು ಕೂತರೆ ಅಕ್ಕ ಒಲೆಯ ಹತ್ತಿರದಿಂದಲೇ, "ಅಲ್ಲೇನ್ರೀ ಕಳ್ಕೊಂಡಿದ್ದು?" ಅನ್ನುತ್ತಿದ್ದಳು.

ಶೂಟಿಂಗ್ ದಿನಕ್ಕೆ ಎರಡು ಅಂಗಿ ಹೊಲಿದಿದ್ದೆ. ಒಂದರ ತಂತಿ ಬೆಳಿಗ್ಗೆಯೇ ಕೆಟ್ಟಿತು. ಉಳಿದ ಒಂದನ್ನು ಹಾಕಿಸುತ್ತ, "ಭಾವ, ಇದೊಂದೇ ಇರೋದು. ಹಾಳಾದ್ರೆ ಇವತ್ತಿಗೆ ಮುಗೀತು" ಅಂದೆ. ಅವರು ತಲೆಯಾಡಿಸಿದರು. ನಾಯಕನಿಗೆ ಗುಂಡು ತುಂಬುವುದನ್ನು ಕಲಿಸಲು ಮೇಷ್ಟ್ರು ಮೂರು ದಿನ ಕಾದಿದ್ದರು. ಅವನು ಮೂರು ದಿನವೂ ಕೂದಲು ಸರಿಮಾಡಿಸಿಕೊಳ್ಳುತ್ತಿದ್ದ.

ಕ್ಯಾಮೆರಾ ಓಡಿತು. ಆರು ಜನ ಬಿದ್ದರು. ನಾಯಕ ಭಾವನಿಗೆ ಗುರಿಯಿಟ್ಟು ಟ್ರಿಗರ್ ಒತ್ತಿದ. ಬರೀ ಟಿಕ್. ಎರಡನೆಯ ಕ್ಯಾಮೆರಾ ಭಾವನ ಮುಖಕ್ಕೆ ಬಂತು. ಭಾವ ಸಲಾಕೆ ಎತ್ತಿಕೊಂಡು ಹೆದರಿ ನಿಂತರು. ಎಷ್ಟು ಚೆನ್ನಾಗಿ ನಿಂತರೆಂದರೆ ನಾನೂ ಅರ್ಧ ಹೆಜ್ಜೆ ಹಿಂದಕ್ಕೆ ಸರಿದೆ. ಇತ್ತ ನಾಯಕ ರಿವಾಲ್ವರಿನ ಉರುಳೆ ತೆರೆದ. ಜೇಬಿನಿಂದ ನಕಲಿ ಗುಂಡುಗಳನ್ನು ತೆಗೆದ. ಒಂದು ಗುಂಡನ್ನು ತಲೆಕೆಳಗಾಗಿ ತುರುಕಲು ನೋಡಿದ. ಹೋಗಲಿಲ್ಲ. ಇನ್ನೊಂದು ಬೆರಳಿನಿಂದ ಜಾರಿತು. ಅದನ್ನು ಹಿಡಿಯಲು ಹೋಗಿ ಮಿಕ್ಕವೂ ಚೆಲ್ಲಿದವು. ಹತ್ತು ಸೆಕೆಂಡು ಆಯಿತು, ಇಪ್ಪತ್ತಾಯಿತು. ಒಂದು ಗುಂಡು ಉರುಳಿ ಉರುಳಿ ಬಂದು ಭಾವನ ಬೂಟಿಗೆ ತಾಗಿ ನಿಂತಿತು.

ಈಗ ನೋಡಿ, ನಮ್ಮ ಉದ್ಯೋಗದಲ್ಲಿ ಒಂದು ಪಾಠವನ್ನು ಮೊದಲ ದಿನವೇ ಹೇಳಿಕೊಡುತ್ತಾರೆ. ನಾಯಕ ತಪ್ಪು ಮಾಡಿದರೆ ಸಾಯುವವನು ಸುಧಾರಿಸಬೇಕು. ಗುರಿ ಎಲ್ಲೋ ಇದ್ದರೂ ಅಲ್ಲೇ ಹೋಗಿ ಸಾಯಬೇಕು. ಶಾಟ್ ನಿಲ್ಲಬಾರದು. ಭಾವನ ಕಣ್ಣು ಒಂದು ಕ್ಷಣ ನನ್ನ ಕಡೆ ಬಂದು ಹೋಯಿತು, ಅಂಗಿ ಒಂದೇ ಇರುವುದು ನೆನಪಾಗಿರಬೇಕು. ಸಲಾಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಆ ಮೊಣಕಾಲಿನಲ್ಲೇ ಬಗ್ಗಿ ಗುಂಡು ಎತ್ತಿಕೊಂಡರು. ಅಂಗಿಯ ತೋಳಿಗೆ ಒರೆಸಿದರು. ನಾಲ್ಕು ಹೆಜ್ಜೆ ನಡೆದು ಹೋಗಿ, ಸರಿಯಾದ ತುದಿ ಮುಂದೆ ಮಾಡಿ ನಾಯಕನ ಅಂಗೈಯಲ್ಲಿಟ್ಟರು. ವಾಪಸು ಬಂದು ತಮ್ಮ ಜಾಗದಲ್ಲಿ ನಿಂತು, ಸಲಾಕೆ ಎತ್ತಿ, ಮತ್ತೆ ಹೆದರಿದರು.

"ಥ್ಯಾಂಕ್ಸ್ ಭಾವ" ಅಂದ ನಾಯಕ, ಅಭ್ಯಾಸಬಲ. ತುಂಬಿದ. "ಢಂ" ಅಂದ. ಎದೆ ಒಡೆಯಿತು. ಭಾವ ಹಾರಲಿಲ್ಲ. ಅಂಗಿ ನೋಡಿಕೊಂಡರು, ನಾಯಕನನ್ನು ನೋಡಿದರು, ಮೆಲ್ಲಗೆ ಕೂತರು, ಒರಗಿದರು.

ಮೊದಲು ಬಾಯಿ ಬಿಟ್ಟವನು ನಾಯಕ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ರಿವಾಲ್ವರ್ ಸರಿಯಿಲ್ಲ ಅಂದ. ಇನ್ನೊಂದು ಸಲ ತೆಗೆಯಿರಿ ಅಂದ. ತೆಗೆಯಲು ಅಂಗಿಯಿಲ್ಲ, ಭಾವನ ಕಾಲು ಆಗಲೇ ಮಡಕೆಯಷ್ಟು ಊದಿತ್ತು. ಹಾಗಾದರೆ ಆ ತುಂಡನ್ನು ಕತ್ತರಿಸಿ ಬಿಸಾಡಿ ಅಂದ. ಮೇಷ್ಟ್ರು ಎದ್ದು ಬಂದರು. "ಹೆದರಿದೋನು ಏನು ಮಾಡ್ತಾನೆ ಅಂತ ಯಾರೂ ಹೇಳೋಕಾಗಲ್ಲ. ಎದುರಿಗಿರೋನು ಕೇಳಿದ್ದನ್ನ ಎತ್ತಿ ಕೊಟ್ಟುಬಿಡ್ತಾನೆ. ನಿಮ್ಮ ಇಡೀ ಚಿತ್ರದಲ್ಲಿ ನಿಜ ಅಂತಿರೋದು ಇದೊಂದೇ" ಅಂದರು. ನಿರ್ದೇಶಕರು ಇಬ್ಬರಿಗೂ ತಲೆಯಾಡಿಸಿದರು. ಇಟ್ಟರೋ ತೆಗೆದರೋ ನಮಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ನಾಲ್ಕು ತಿಂಗಳು ಭಾವ ಕಾಲು ನೀಡಿಕೊಂಡು ಮನೆಯಲ್ಲಿ ಕೂತರು.

ಚಿತ್ರ ಬಂದಾಗ ಅಕ್ಕನನ್ನು ಹೊರಡಿಸಲು ನಾನು ಜಗಳವನ್ನೇ ಆಡಬೇಕಾಯಿತು. "ಇನ್ನು ಅವರು ಬೀಳೋದೇ ಇಲ್ವಲ್ಲ, ಕೊನೇದಕ್ಕಾದ್ರೂ ಬಾ" ಅಂದಾಗ ಚಪ್ಪಲಿ ಹಾಕಿಕೊಂಡಳು. ಮಧ್ಯಾಹ್ನದ ಆಟ. ಅಕ್ಕ ನಡುವೆ, ಆ ಕಡೆ ಭಾವ ಕೋಲು ಹಿಡಿದು, ಈ ಕಡೆ ನಾನು. ಕೊನೇ ಸೀನು ಶುರುವಾಯಿತು. ಮೊದಲ ಗುಂಡಿನ ಸದ್ದಿಗೇ ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಅಕ್ಕಾ, ಕಣ್ಣು ಬಿಡು" ಅಂದೆ.

"ಆಗಲ್ಲ ಕಣೋ. ಅವತ್ತೂ ಆಗ್ಲಿಲ್ಲ."

"ಯಾವತ್ತು?"

"ಮೊದಲ್ನೇ ಸಲ. ಗುಂಡು ಅಂದ ತಕ್ಷಣ ಕಣ್ಣು ಮುಚ್ಕೊಂಡುಬಿಟ್ಟೆ. ಬೆನ್ನು ಅಂತ ಹೇಳಿದ್ದು ಗೆಳತಿಯರು. ನಾನು ಏನೂ ನೋಡೇ ಇಲ್ಲ. ಇವರಿಗೆ ಹೊಡೆಯೋದನ್ನ ನಾನು ಹೇಗೋ ನೋಡ್ಲಿ?"

ಇಪ್ಪತ್ತೇಳು ವರ್ಷದ ಹಂಗಿಸುವಿಕೆಯ ಬುಡ ಅಲ್ಲಿ ಕಂಡಿತು. ಆಚೆ ಭಾವನಿಗೆ ಕೇಳಿಸಿತೋ ಇಲ್ಲವೋ, ಅವರು ಪರದೆಯನ್ನೇ ನೋಡುತ್ತಿದ್ದರು. ಐದು, ಆರು. ಟಿಕ್. ನಾನು ಅಕ್ಕನ ಕೈ ಹಿಡಿದು ಇಳಿಸಿದೆ. "ಗುಂಡು ಖಾಲಿ ಆಯ್ತು ಅಕ್ಕ. ಈಗ ಹೊಡೆಯೋಕಾಗಲ್ಲ. ಈಗ ನೋಡು."

ಅವಳು ನೋಡಿದಳು. ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಭಾವನ ಮುಖ. ಕಿವಿಯ ಹತ್ತಿರದ ನರೆ, ಗಲ್ಲದ ಹಳೆಯ ಗಾಜಿನ ಗಾಯ, ಎಲ್ಲ. ಅಕ್ಕ ಬಾಯಿ ಸ್ವಲ್ಪ ತೆರೆದು, ರೆಪ್ಪೆ ಬಡಿಯದೆ ನೋಡಿದಳು. "ಎಷ್ಟು ಹೆದರಿಬಿಟ್ಟಿದ್ದಾರೆ" ಎಂದು ತನ್ನಷ್ಟಕ್ಕೇ ಅಂದಳು. ಅಷ್ಟರಲ್ಲಿ ಪರದೆಯ ಮೇಲೆ ಗುಂಡು ಉರುಳಿ ಬಂತು. ಭಾವ ಬಗ್ಗಿದರು. ಎತ್ತಿಕೊಂಡು ಒರೆಸಿದರು. ಒಂದು ಹೆಜ್ಜೆ ಇಟ್ಟರು.

ಅಕ್ಕ ಎದ್ದು ನಿಂತಳು. "ಕೊಡಬೇಡ್ರೀ!"

ಇಡೀ ಚಿತ್ರಮಂದಿರ ಹೋ ಎಂದು ನಕ್ಕಿತು. ಯಾರೋ ಹಿಂದಿನಿಂದ, "ಕೇಳ್ಸಲ್ಲಮ್ಮಾ, ಕೂತ್ಕೊಳ್ಳಿ" ಅಂದರು. ಅವಳು ಕೂರಲಿಲ್ಲ. ಪರದೆಯ ಭಾವ ಕೊಟ್ಟರು, ವಾಪಸು ಬಂದರು, ನಿಂತರು. ಢಂ. ಈ ಸಲ ಅಕ್ಕ ಕಣ್ಣು ಮುಚ್ಚಲಿಲ್ಲ. ಅವರು ಅಂಗಿ ನೋಡಿಕೊಂಡದ್ದನ್ನೂ, ಮೆಲ್ಲಗೆ ಕೂತದ್ದನ್ನೂ, ಒರಗಿದ್ದನ್ನೂ ನಿಂತುಕೊಂಡೇ ನೋಡಿದಳು. ನಗುತ್ತಿದ್ದ ಜನ ಅಷ್ಟು ಹೊತ್ತಿಗೆ ಸುಮ್ಮನಾಗಿದ್ದರು.

ಆಮೇಲೆ ಅವಳು ಪಕ್ಕದಲ್ಲಿದ್ದ ಭಾವನ ಕಡೆ ತಿರುಗಿ ಅವರ ತೋಳಿಗೆ ಎರಡು ಬಾರಿಸಿದಳು. ಅಳುತ್ತಿದ್ದಳು.

"ಕೈಗೆ ಸಿಕ್ಕ ಗುಂಡನ್ನ ಯಾರಾದ್ರೂ ಕೊಡ್ತಾರೇನ್ರೀ?"

"ಕೊಡದಿದ್ರೆ ಶೂಟಿಂಗ್ ನಿಂತುಹೋಗ್ತಿತ್ತು ಕಣೇ" ಅಂದರು ಭಾವ.

"ನಿಲ್ಲಲಿ. ನಿಂತ್ರೆ ಯಾರ ಗಂಟು ಹೋಗ್ತಿತ್ತು? ಮನೆಗೆ ಬರ್ತಿದ್ರಿ."

ಭಾವ ಕೋಲನ್ನು ಮೊಣಕಾಲಿಗೆ ಒರಗಿಸಿಕೊಂಡರು. ಮುಖ ಹೇಗಿತ್ತು ಎಂದು ಕೇಳಬೇಕೆಂದು ಅವರು ನಾಲ್ಕು ತಿಂಗಳಿಂದ ಕಾದಿದ್ದರು, ನನಗೆ ಗೊತ್ತು. ಕೇಳಲಿಲ್ಲ. ಅಕ್ಕ ಕೂತು, ಅವರ ಅಂಗಿಯ ಎದೆಯ ಮೇಲೆ ಅಂಗೈ ಊರಿ, ಚಿತ್ರ ಮುಗಿದು ದೀಪ ಹತ್ತುವವರೆಗೂ ತೆಗೆಯಲಿಲ್ಲ.